ಹಳೆಯ ಗಾಡಿ, ವರ್ಷದ ಕಿಲೋಮೀಟರು

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ರಸ್ತೆಗಳಲ್ಲಿ ಸ್ಪೋರ್ಟ್ಸ್ ಕಾರು ಕಾಣುವುದು ಅಪರೂಪ. ವೇಗಕ್ಕೆ, ಸದ್ದಿಗೆ, ಆಕ್ಸಲರೇಟರ್ ತಿರುವಿದ ಕೂಡಲೇ ಸಿಗುವ ಜಿಗಿತಕ್ಕೆ ಜನ ಮನಸೋತಿರುವ ಯಂತ್ರ ಈ ಕಡೆ ಎರಡು ಚಕ್ರದ್ದು. 1985ರಿಂದ 1996ರವರೆಗೆ ಬಂದ ಯಮಹಾ ಆರ್‌ಎಕ್ಸ್ 100 ಅದರಲ್ಲಿ ಮೊದಲನೆಯದು. ಇನ್ನೊಂದು ನಮ್ಮ ಮೈಸೂರಿನಲ್ಲೇ ಹುಟ್ಟಿದ್ದು: ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಕಟ್ಟಿದ ಜಾವಾ ಮತ್ತು ಯೆಜ್ಡಿ. ಆರ್‌ಎಕ್ಸ್‌ನ 98 ಸಿಸಿ ಎಂಜಿನ್ 11 ಅಶ್ವಶಕ್ತಿ ಕೊಡುತ್ತಿತ್ತು. ಇವತ್ತಿನ 100 ಸಿಸಿ ಗಾಡಿಗಳು ಕೊಡುವುದು ಸುಮಾರು 8. ಗಾಡಿಯ ತೂಕವೋ ನೂರು ಕಿಲೋ ಆಸುಪಾಸು. ಇಂಥ ಗಾಡಿಯನ್ನು ಮನೆಯಲ್ಲಿ ಇಟ್ಟುಕೊಂಡವರಿಗೆ ಒಂದಲ್ಲ ಒಂದು ದಿನ ಪ್ರಶ್ನೆ ಎದುರಾಗುತ್ತದೆ: ಇನ್ನೊಮ್ಮೆ ಎಂಜಿನ್ ಕೆಲಸ ಮಾಡಿಸುವುದೋ, ಕೊಟ್ಟು ಹೊಸದು ತರುವುದೋ? ಸಾಮಾನ್ಯವಾಗಿ ಉತ್ತರ ಹುಡುಕುವುದು ಗಾಡಿಯ ವಯಸ್ಸಿನಲ್ಲಿ, ಇಲ್ಲವೇ ಅದರ ಮೇಲಿನ ಪ್ರೀತಿಯಲ್ಲಿ. ಎರಡೂ ತಪ್ಪು ಜಾಗ ಎನ್ನುವುದು ನನ್ನ ವಾದ. ಕೇಳಬೇಕಾದದ್ದು ಗಾಡಿ ವರ್ಷಕ್ಕೆ ಎಷ್ಟು ಕಿಲೋಮೀಟರ್ ಓಡುತ್ತದೆ ಎಂಬುದು. ಅದೊಂದು ಅಂಕಿ ಕೈಯಲ್ಲಿದ್ದರೆ ಉಳಿದ ಬಹುಪಾಲು ಗೊಂದಲ ತಾನೇ ಬಗೆಹರಿಯುತ್ತದೆ.

ಹೀಗೆ ಹೇಳಲು ಕಾರಣ ಎಂಜಿನ್ನಿನ ಒಳಗಿದೆ. ಇವೆರಡೂ ಟೂ ಸ್ಟ್ರೋಕ್ ಗಾಡಿಗಳು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಹೊಡೆತ, ಅಂದರೆ ಎರಡು ಏರಿಕೆ ಮತ್ತು ಎರಡು ಇಳಿಕೆ, ಮುಗಿಸಿದರೆ ಒಮ್ಮೆ ಪೆಟ್ರೋಲ್ ಉರಿಯುತ್ತದೆ. ಟೂ ಸ್ಟ್ರೋಕ್‌ನಲ್ಲಿ ಎರಡೇ ಹೊಡೆತಕ್ಕೆ, ಅಂದರೆ ಕ್ರ್ಯಾಂಕ್ ಪ್ರತಿ ಸುತ್ತು ತಿರುಗಿದಾಗಲೂ ಉರಿಯುತ್ತದೆ. ಅಷ್ಟು ಚಿಕ್ಕ ಎಂಜಿನ್ನಿಗೆ ಅಷ್ಟು ಬಲ ಬರುವುದು ಇಲ್ಲಿಂದ. ಆದರೆ ಹೊಗೆಯನ್ನು ಹೊರಗೆ ನೂಕಲು ಇದರಲ್ಲಿ ಪ್ರತ್ಯೇಕ ಹೊಡೆತವೇ ಇಲ್ಲ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳು ತೆರೆದುಕೊಳ್ಳುತ್ತವೆ. ಒಂದು ಕಡೆಯಿಂದ ಹೊಸ ಗಾಳಿ-ಪೆಟ್ರೋಲ್ ಮಿಶ್ರಣ ನುಗ್ಗಿ ಬಂದು, ಇನ್ನೊಂದು ಕಡೆಯಿಂದ ಹಳೆಯ ಹೊಗೆಯನ್ನು ತಳ್ಳುತ್ತದೆ. ಅಡುಗೆಮನೆಯ ಹೊಗೆ ಹೋಗಲೆಂದು ಎದುರುಬದುರು ಬಾಗಿಲು ತೆರೆದರೆ ಹೊಸ ಗಾಳಿಯೂ ಒಂದಿಷ್ಟು ಹಾಗೇ ದಾಟಿಹೋಗುತ್ತದಲ್ಲ, ಇಲ್ಲೂ ಅದೇ. ಹೀಗೆ ಉರಿಯದೆ ಸೈಲೆನ್ಸರ್ ಸೇರುವ ಪೆಟ್ರೋಲಿನ ಪಾಲು ವೇಗ ಮತ್ತು ಹೊರೆಗೆ ತಕ್ಕಂತೆ ಶೇ 15ರಿಂದ 40ರವರೆಗೂ ಇರುತ್ತದೆ. ಇದರ ಜೊತೆಗೆ ಕ್ರ್ಯಾಂಕಿನ ಬೇರಿಂಗಿಗೆ ಜಿಡ್ಡು ಒದಗಿಸಲು ಪೆಟ್ರೋಲಿನಲ್ಲೇ ಆಯಿಲ್ ಬೆರೆಯಬೇಕು. ಅದು ಅರ್ಧಂಬರ್ಧ ಉರಿದು ನೀಲಿ ಹೊಗೆಯಾಗುತ್ತದೆ. ಮೆಕ್ಯಾನಿಕ್ ಎಷ್ಟೇ ಕೈಚಳಕದವನಿರಲಿ, ಈ ಸೋರಿಕೆ ನಿಲ್ಲಿಸಲಾರ. ಅದು ಸವೆತದಿಂದ ಬಂದ ದೋಷವಲ್ಲ, ರಚನೆಯಲ್ಲೇ ಇರುವಂಥದ್ದು. 1985ರಲ್ಲಿ ಶೋರೂಮಿನಿಂದ ಹೊರಬಿದ್ದ ದಿನವೂ ಅದು ಹೀಗೇ ಸೋರುತ್ತಿತ್ತು.

ಈ ಸೋರಿಕೆಯನ್ನು ತಡೆಯಲು ಎಂಜಿನಿಯರರು ಹೂಡಿದ ಉಪಾಯ ತುಂಬಾ ಸುಂದರವಾದದ್ದು. ಹೊಗೆ ಹೊರಗೆ ಸಿಡಿದಾಗ ಒತ್ತಡದ ಒಂದು ಅಲೆ ಸೈಲೆನ್ಸರ್ ಕೊಳವೆಯಲ್ಲಿ ಓಡುತ್ತದೆ. ಕೊಳವೆ ಅಗಲವಾಗುತ್ತ ಹೋಗುವಲ್ಲಿ ಆ ಅಲೆಯ ಒಂದು ಭಾಗ ಎಳೆತವಾಗಿ ಹಿಂದಿರುಗಿ ಹೊಗೆಯನ್ನು ಹೀರುತ್ತದೆ. ಮುಂದೆ ಕೊಳವೆ ಕಿರಿದಾಗುವಲ್ಲಿ ಇನ್ನೊಂದು ಭಾಗ ತಳ್ಳುವ ಅಲೆಯಾಗಿ ಮರಳಿ ಬಂದು, ತಪ್ಪಿಸಿಕೊಳ್ಳುತ್ತಿದ್ದ ಹೊಸ ಮಿಶ್ರಣವನ್ನು ಸಿಲಿಂಡರಿಗೆ ವಾಪಸ್ ನೂಕುತ್ತದೆ. ನಿಮಿಷಕ್ಕೆ 7,500 ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ 125ನೇ ಒಂದು ಭಾಗ. ಕಾದ ಹೊಗೆಯಲ್ಲಿ ಶಬ್ದದಲೆ ಸೆಕೆಂಡಿಗೆ ಸುಮಾರು 500 ಮೀಟರ್ ಓಡುತ್ತದೆ. ಕೊಳವೆಯ ಉದ್ದವನ್ನು ಇವೆರಡಕ್ಕೂ ಹೊಂದಿಸಿದರೆ ಅಲೆ ಸರಿಯಾದ ಕ್ಷಣಕ್ಕೆ ತಲುಪುತ್ತದೆ. ಒಂದು ವೇಗ ದಾಟಿದ ಮೇಲೆ ಆರ್‌ಎಕ್ಸ್ ದಿಢೀರನೆ ನುಗ್ಗುವುದು ಆ ಹೊಂದಾಣಿಕೆ ಕೂಡಿಬಂದಾಗ. ಹಾಗಾಗಿ ಜನ ಮೆಚ್ಚುವ ಜಿಗಿತ, ಸದ್ದು ಮತ್ತು ನಾವು ದೂರುವ ಹೊಗೆ ಎಲ್ಲಕ್ಕೂ ಬೇರು ಒಂದೇ. ಸದ್ದು ಹೆಚ್ಚಲಿ ಎಂದು ಸೈಲೆನ್ಸರಿನ ಒಳಭಾಗ ಕತ್ತರಿಸುವವರು ಆ ಮರಳಿ ಬರುವ ಅಲೆಯನ್ನೇ ಕೆಡಿಸುತ್ತಾರೆ. ಆಮೇಲೆ ಬಲ ಕಡಿಮೆ, ಪೆಟ್ರೋಲ್ ಹೆಚ್ಚು. ಊರಿಗೆಲ್ಲ ಕಿರಿಕಿರಿ ಬೇರೆ. ಇದನ್ನು ಅಪ್‌ಗ್ರೇಡ್ ಎಂದು ಕರೆಯಲು ಯಾವ ಆಧಾರವೂ ಇಲ್ಲ.

ಹಳೆಯ ಗಾಡಿಯ ಪರವಾಗಿ ಮೊದಲು ಕೇಳಿಬರುವ ಮಾತು: ಆಗಿನ ಕಬ್ಬಿಣವೇ ಬೇರೆ, ಇನ್ನೂ ಐವತ್ತು ವರ್ಷ ಬರುತ್ತದೆ. ಇದರಲ್ಲಿ ನಿಜವಿದೆ. ಉಕ್ಕಿಗೆ ಒಂದು ಗುಣವಿದೆ: ಅದರ ಮೇಲೆ ಬೀಳುವ ಒತ್ತಡ ಒಂದು ಮಿತಿಯೊಳಗಿದ್ದರೆ ಕೋಟಿಗಟ್ಟಲೆ ಸಲ ಅಲುಗಾಡಿದರೂ ದಣಿದು ಬಿರುಕು ಬಿಡುವುದಿಲ್ಲ. ಅಲ್ಯೂಮಿನಿಯಂಗೆ ಆ ಮಿತಿ ಇಲ್ಲ. ಆದ್ದರಿಂದ ತುಕ್ಕು ಹಿಡಿಯದ, ಅಪಘಾತ ಕಾಣದ ಉಕ್ಕಿನ ಚಾಸಿ ಬಹಳ ಕಾಲ ಬಾಳುತ್ತದೆ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆಯಾಗುವ ವಿಜಯಪುರದ ಒಣಹವೆಯಲ್ಲಂತೂ, ಕರಾವಳಿಯ ಉಪ್ಪುಗಾಳಿಗೆ ಹೋಲಿಸಿದರೆ, ಅದಕ್ಕೆ ದೊಡ್ಡ ರಕ್ಷಣೆ. ಆದರೆ ಇಲ್ಲಿನ ಶತ್ರು ಧೂಳು. ಎರೆ ಹೊಲದ ದಾರಿಯ ಧೂಳು ಏರ್ ಫಿಲ್ಟರ್ ದಾಟಿದರೆ ಪಿಸ್ಟನ್ ರಿಂಗಿಗೂ ಸಿಲಿಂಡರಿಗೂ ನಡುವೆ ಅರದಂತೆ ಉಜ್ಜುತ್ತದೆ. ಆರ್‌ಎಕ್ಸ್‌ನ ಬೋರ್, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿಲಿಮೀಟರ್. ಸವೆದಾಗ ಕಾಲು ಮಿಲಿಮೀಟರ್ ಹೆಚ್ಚಿಗೆ ಕೊರೆಸಿ, ಅದಕ್ಕೆ ತಕ್ಕ ಪಿಸ್ಟನ್ ಹಾಕುತ್ತಾರೆ. ಹೀಗೆ ನಾಲ್ಕು ಸಲ ಬೋರ್ ಮಾಡಿಸಿ ಒಂದು ಮಿಲಿಮೀಟರ್ ದಾಟಿದ ಮೇಲೆ ಹೊಸ ಸ್ಲೀವ್ ಕೂರಿಸಬೇಕು. ಬೋರ್, ಬೇರಿಂಗ್, ಕ್ಲಚ್ ಪ್ಲೇಟ್, ಆಯಿಲ್ ಸೀಲ್ ಎಲ್ಲವೂ ಬದಲಿಸಬಹುದಾದವು. ಸವೆದದ್ದು ದುರಸ್ತಿಯಾಗುತ್ತದೆ, ರಚನೆಯಲ್ಲಿರುವುದು ಆಗುವುದಿಲ್ಲ. ಹಾಗೆಂದೇ ಓಡೋಮೀಟರ್ ತೋರಿಸುವ ಅಂಕಿಯನ್ನು ನೋಡಿ ಹೆದರಬೇಕಿಲ್ಲ, ಮುಂದೆ ಓಡಲಿರುವ ದೂರವನ್ನು ನೋಡಿ ಯೋಚಿಸಬೇಕು.

ಆ ದೂರವನ್ನೇ ಲೆಕ್ಕಕ್ಕೆ ತರೋಣ. ಹೊಸ ಗಾಡಿ ಕಟ್ಟುವುದಕ್ಕೂ ಗಾಳಿಗೆ ಇಂಗಾಲ ಸೇರುತ್ತದೆ ಎಂಬುದು ಹಳೆಯದನ್ನು ಇಟ್ಟುಕೊಳ್ಳುವವರ ಗಟ್ಟಿ ವಾದ. ನಮ್ಮ ದೇಶದಲ್ಲಿ ಒಂದು ಕಿಲೋ ಉಕ್ಕಿಗೆ ಸುಮಾರು ಎರಡೂವರೆ ಕಿಲೋ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆ. ಅದಿರಿನಿಂದ ತೆಗೆದ ಅಲ್ಯೂಮಿನಿಯಂಗೆ ಹದಿನೈದು ಕಿಲೋ ದಾಟುತ್ತದೆ. 110 ಕಿಲೋ ತೂಕದ ಗಾಡಿಗೆ ಒರಟಾಗಿ ಐದು ನೂರು ಕಿಲೋ ಎಂದಿಟ್ಟುಕೊಳ್ಳಬಹುದು. ಈಗ ಓಡುವ ಲೆಕ್ಕ. ಹಳೆಯ ಟೂ ಸ್ಟ್ರೋಕ್ ಲೀಟರಿಗೆ 35 ಕಿಲೋಮೀಟರ್, ಹೊಸ ಫೋರ್ ಸ್ಟ್ರೋಕ್ 60 ಕೊಡುತ್ತದೆ ಎನ್ನೋಣ. ಸಿಂದಗಿಯ ಸುತ್ತಲಿನ ಹಳ್ಳಿಯಿಂದ ದಿನವೂ ಪೇಟೆಗೆ ಹೋಗಿಬರುವವರಿಗೆ ವರ್ಷಕ್ಕೆ 6,000 ಕಿಲೋಮೀಟರ್ ಸುಲಭವಾಗಿ ಆಗುತ್ತದೆ. ಹಳೆಯದಕ್ಕೆ 171 ಲೀಟರ್, ಹೊಸದಕ್ಕೆ 100 ಲೀಟರ್. ಒಂದು ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ ಇಂಗಾಲದ ಡೈಆಕ್ಸೈಡ್; ಉಳಿಯುವ 71 ಲೀಟರಿಗೆ ಸುಮಾರು 160 ಕಿಲೋ. ಹೊಸ ಗಾಡಿ ತನ್ನ ಹುಟ್ಟಿನ ಸಾಲವನ್ನು ಮೂರು ವರ್ಷದಲ್ಲಿ ತೀರಿಸಿಬಿಡುತ್ತದೆ. ಅದೇ ಗಾಡಿ ಹಬ್ಬ, ಜಾತ್ರೆ, ಭಾನುವಾರದ ಒಂದು ಸುತ್ತು ಎಂದು ವರ್ಷಕ್ಕೆ 600 ಕಿಲೋಮೀಟರ್ ಓಡಿದರೆ? ಸಾಲ ತೀರಲು ಮೂವತ್ತು ವರ್ಷ ಬೇಕು, ಅಷ್ಟರಲ್ಲಿ ಹೊಸದೂ ಗುಜರಿ ಸೇರಿರುತ್ತದೆ. ಹಣದ ಲೆಕ್ಕ ಇನ್ನೂ ನಿಧಾನ: ದಿನವೂ ಓಡಿಸುವವರಿಗೂ ಪೆಟ್ರೋಲಿನ ಉಳಿತಾಯವೊಂದರಿಂದಲೇ ಹೊಸ ಗಾಡಿಯ ಬೆಲೆ ಹುಟ್ಟಲು ಹತ್ತು ವರ್ಷವಾದೀತು. ಆದರೆ ನನ್ನ ಮನಸ್ಸನ್ನು ಒಪ್ಪಿಸಿದ ಅಂಕಿ ಬೇರೆಯದು. ಆ 171 ಲೀಟರಿನಲ್ಲಿ ಕಾಲು ಭಾಗ ಉರಿಯದೆ ಹೋದರೂ ನಲವತ್ತು ಲೀಟರಿಗೂ ಹೆಚ್ಚು ಹಸಿ ಪೆಟ್ರೋಲ್, ಬೆಂಜೀನ್ ಸಮೇತ, ಜನ ಉಸಿರಾಡುವ ಎತ್ತರದಲ್ಲೇ ಗಾಳಿಗೆ ಸೇರುತ್ತದೆ. ಅದರ ಜೊತೆಗೆ ಮೂರು ಲೀಟರಿಗಿಂತ ಹೆಚ್ಚು ಆಯಿಲ್.

ಲಾರಿ, ಬಸ್ಸು, ಟ್ರ್ಯಾಕ್ಟರುಗಳ ಎದುರು ಉಳಿದಿರುವ ನಾಲ್ಕಾರು ಹಳೆಯ ಬೈಕುಗಳ ಹೊಗೆ ಯಾವ ಲೆಕ್ಕ ಎಂದು ಕೇಳುವವರಿದ್ದಾರೆ. ಭೂಮಿಯ ತಾಪದ ದೃಷ್ಟಿಯಿಂದ ಆ ಮಾತು ಒಪ್ಪತಕ್ಕದ್ದೇ. ಆದರೆ ಉರಿಯದ ಪೆಟ್ರೋಲ್ ಕೆಡುಕು ಮಾಡುವುದು ಇಡೀ ಭೂಗೋಳಕ್ಕಿಂತ ಮೊದಲು ಹಿಂದೆ ನಿಂತವರಿಗೆ: ಬಸ್ ನಿಲ್ದಾಣದ ಎದುರು, ಸಂತೆಯ ಇಕ್ಕಟ್ಟಿನಲ್ಲಿ, ಶಾಲೆಯ ಗೇಟಿನ ಬಳಿ. ನಿಧಾನವಾಗಿ, ನಿಂತು ನಿಂತು ಸಾಗುವಾಗ ಸೈಲೆನ್ಸರಿನ ಆ ಅಲೆಯ ಹೊಂದಾಣಿಕೆಯೂ ತಪ್ಪಿರುತ್ತದೆ. ಹಾಗಾಗಿ ಪೇಟೆಯ ದಿನಬಳಕೆಯ ಒಂದು ಕಿಲೋಮೀಟರು ಬಯಲು ರಸ್ತೆಯ ಒಂದು ಕಿಲೋಮೀಟರಿಗೆ ಸಮನಲ್ಲ.

ಇನ್ನೊಂದು ಆಕ್ಷೇಪ ನನ್ನ ವಾದದ ಬುಡಕ್ಕೇ ಬರುತ್ತದೆ: ಓಡಿಸದೆ ಇಟ್ಟರೆ ಗಾಡಿ ಕೆಡುವುದಿಲ್ಲವೇ? ಕೆಡುತ್ತದೆ, ಈಗಂತೂ ಮೊದಲಿಗಿಂತ ಬೇಗ. 2025ರ ಹೊತ್ತಿಗೆ ದೇಶದ ಪೆಟ್ರೋಲಿನಲ್ಲಿ ಎಥೆನಾಲಿನ ಪಾಲು ಶೇ 20 ಮುಟ್ಟಿತು. ಇಂಡಿ, ಸಿಂದಗಿ ಭಾಗದ ಕಬ್ಬಿಗೆ ಇದರಲ್ಲಿ ನೇರ ಪಾಲಿದೆ. ಆಲಮೇಲದಲ್ಲಿ ಸಕ್ಕರೆ ಕಾರ್ಖಾನೆಯ ಜೊತೆಗೇ ಎಥೆನಾಲ್ ಘಟಕವಿದೆ. ರೈತರಿಗೆ ಒಳಿತಾದ ಈ ಬೆರಕೆ ಹಳೆಯ ಕಾರ್ಬೊರೇಟರಿಗೆ ಒಗ್ಗದು. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕು, ಎಥೆನಾಲಿಗೆ 9 ಸಾಕು. ಹೊಸ ಗಾಡಿಯ ಸೆನ್ಸರ್ ಈ ವ್ಯತ್ಯಾಸ ಗುರುತಿಸಿ ಇಂಧನ ಹೆಚ್ಚಿಸುತ್ತದೆ. ಹಳೆಯ ಗಾಡಿಯ ಜೆಟ್ ಬರಿಯ ಒಂದು ತೂತು. ಅದು ಮೊದಲಿನಷ್ಟೇ ಬಿಡುತ್ತದೆ. ಆಗ ಮಿಶ್ರಣದಲ್ಲಿ ಗಾಳಿ ಹೆಚ್ಚಾಗಿ ಎಂಜಿನ್ ಬಿಸಿಯೇರುತ್ತದೆ. ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟಿದ ಬಿಸಿಲಿನಲ್ಲಿ, ಗಾಳಿಯಿಂದಲೇ ತಣಿಯಬೇಕಾದ ಟೂ ಸ್ಟ್ರೋಕ್ ಎಂಜಿನ್ ಜಾಮ್ ಆಗಲು ಇಷ್ಟು ಸಾಕು. ಎಥೆನಾಲ್ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕಿನಲ್ಲಿ ನೀರಿನಂಶ ಮಿತಿ ಮೀರಿದರೆ ಎಥೆನಾಲ್ ಮತ್ತು ನೀರು ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ, ತುಕ್ಕು ಅಲ್ಲಿಂದ ಶುರು. ಹಳೆಯ ರಬ್ಬರ್ ಪೈಪು, ವಾಷರುಗಳು ಉಬ್ಬಿ ಮೆತ್ತಗಾಗುತ್ತವೆ. ಇವಕ್ಕೆಲ್ಲ ಪರಿಹಾರವಿದೆ, ದುಬಾರಿಯದೇನಲ್ಲ: ಒಂದೆರಡು ಅಳತೆ ದೊಡ್ಡ ಮೇನ್ ಜೆಟ್, ಎಥೆನಾಲ್ ತಾಳುವ ಪೈಪು ಮತ್ತು ಸೀಲುಗಳು, ನಿಲ್ಲಿಸುವ ಮೊದಲು ಕಾರ್ಬೊರೇಟರ್ ಖಾಲಿ ಮಾಡುವುದು, ತಿಂಗಳಿಗೆರಡು ಸಲ ಎಂಜಿನ್ ಪೂರ್ತಿ ಬಿಸಿಯಾಗುವಷ್ಟು ದೂರ ಓಡಿಸುವುದು. ನಿಂತಲ್ಲೇ ಐದು ನಿಮಿಷ ಚಾಲೂ ಮಾಡಿ ಆಫ್ ಮಾಡಿದರೆ ಒಳಗೆ ನೀರಿನಾವಿ ಕೂತು ಇನ್ನಷ್ಟು ಕೆಡುತ್ತದೆ. ತಿಂಗಳಿಗೆರಡು ಸಲ ಇಪ್ಪತ್ತೈದು ಕಿಲೋಮೀಟರ್ ಎಂದರೆ ವರ್ಷಕ್ಕೆ ಆರು ನೂರು. ಮೇಲಿನ ಲೆಕ್ಕದೊಳಗೇ ಬಂತು.

ದೂರದ ಲೆಕ್ಕಕ್ಕೆ ಸಿಗದ ಒಂದೇ ಸಂಗತಿ ಬ್ರೇಕು. ಇಲ್ಲಿ ನಾನು ರಾಜಿಯಾಗಲಾರೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿಗಿರುವ ಚಲನಶಕ್ತಿ 40ರಲ್ಲಿ ಇರುವುದರ ನಾಲ್ಕು ಪಟ್ಟು. ಆ ಶಕ್ತಿಯನ್ನೆಲ್ಲ ಸಣ್ಣ ಡ್ರಮ್ಮಿನೊಳಗಿನ ಎರಡು ಲೈನರುಗಳು ಶಾಖವಾಗಿ ಬದಲಿಸಬೇಕು. ಒಳ್ಳೆಯ ಡಿಸ್ಕ್ ಬ್ರೇಕು ಪ್ರತಿ ಸೆಕೆಂಡಿಗೆ ವೇಗವನ್ನು ಸೆಕೆಂಡಿಗೆ 7 ಮೀಟರಿನಷ್ಟು ತಗ್ಗಿಸಿದರೆ ಗಾಡಿ 80ರ ವೇಗದಿಂದ ನಿಲ್ಲಲು 35 ಮೀಟರ್ ಸಾಕು. ಸವೆದ ಡ್ರಮ್ ಬ್ರೇಕು 4 ಮೀಟರಿನಷ್ಟು ತಗ್ಗಿಸಿದರೆ 60 ಮೀಟರ್ ದಾಟುತ್ತದೆ. ಕಣ್ಣಿಗೆ ಕಂಡು ಕೈ ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲಿ ಇನ್ನೂ 22 ಮೀಟರ್ ಹೋಗಿರುತ್ತದೆ. ಕಬ್ಬಿನ ಹಂಗಾಮಿನ ರಾತ್ರಿ, ಹಿಂದೆ ದೀಪವಿಲ್ಲದ ಎರಡು ಟ್ರೇಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರನ್ನು ಮಂಕು ಹೆಡ್‌ಲೈಟಿನ ಬೆಳಕಿನಲ್ಲಿ ಕಾಣಬೇಕಾದ ರಸ್ತೆಗಳಿವು. 2019ರ ಏಪ್ರಿಲಿನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವಕ್ಕೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆ ಕಡ್ಡಾಯವಾದದ್ದು ಸುಮ್ಮನೆ ಅಲ್ಲ. ಹಳೆಯದನ್ನು ಇಟ್ಟುಕೊಳ್ಳುವವರು ಎಂಜಿನ್ನಿಗೆ ಹಣ ಹಾಕುವ ಮೊದಲು ಲೈನರು, ಬ್ರೇಕ್ ಕೇಬಲ್ಲು, ದೀಪ, ಟೈರಿಗೆ ಹಾಕಲಿ. ಕಡಿಮೆ ಓಡುವ ಗಾಡಿಯ ಟೈರು ನೋಡಲು ಹೊಸದರಂತಿದ್ದರೂ ಬಿಸಿಲಿಗೆ ರಬ್ಬರ್ ಗಡುಸಾಗಿರುತ್ತದೆ. ಅದರ ಪಕ್ಕದಲ್ಲಿ ಒತ್ತಿರುವ ನಾಲ್ಕು ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಕತ್ತಲಾದ ಮೇಲೆ ಹೆದ್ದಾರಿಗೆ ಈ ಗಾಡಿ ಬೇಡ.

ದಿನವೂ ಓಡಿಸುವವರು ಕೊಟ್ಟು ತರುವುದಾದರೆ ಎಲೆಕ್ಟ್ರಿಕ್ ಸ್ಕೂಟರ್ ತರಬಹುದೇ? ನಮ್ಮ ಕರೆಂಟು ಕಲ್ಲಿದ್ದಲಿನದು, ಬಸವನ ಬಾಗೇವಾಡಿ ಭಾಗದ ಕೂಡಗಿಯಲ್ಲೇ 2,400 ಮೆಗಾವಾಟಿನ ಎನ್‌ಟಿಪಿಸಿ ಸ್ಥಾವರವಿದೆ, ಹೊಗೆ ಇಲ್ಲಿಂದ ಅಲ್ಲಿಗೆ ಹೋಯಿತಷ್ಟೇ ಎನ್ನುತ್ತಾರೆ. ಪೂರ್ತಿ ಕಲ್ಲಿದ್ದಲಿನ ಕರೆಂಟೇ ಆದರೂ ಸ್ಕೂಟರಿಗೆ ಕಿಲೋಮೀಟರಿಗೆ ಮೂವತ್ತು ಗ್ರಾಂ ಆಸುಪಾಸು ಇಂಗಾಲದ ಡೈಆಕ್ಸೈಡ್ ಬೀಳುತ್ತದೆ. ಹೊಸ ಫೋರ್ ಸ್ಟ್ರೋಕ್ ಗಾಡಿಗೆ 38, ಹಳೆಯ ಟೂ ಸ್ಟ್ರೋಕ್‌ಗೆ 66. ಪೇಟೆಯೊಳಗಿನ ಓಡಾಟಕ್ಕೆ ಅದೇ ಮೇಲು, ದೂರದ ಹಳ್ಳಿಗಳಿಗೆ ಚಾರ್ಜಿಂಗ್ ನೋಡಿಕೊಂಡು ನಿರ್ಧರಿಸಬೇಕು.

ಕಾನೂನು ಕೂಡ ಬಳಕೆಯನ್ನು ನೋಡುವ ದಾರಿಗೆ ಬರುತ್ತಿದೆ. ಸ್ವಂತ ಗಾಡಿಯ ನೋಂದಣಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ ನವೀಕರಿಸಬೇಕು. ವಿಜಯಪುರದ ಕೆಎ 28 ನಂಬರಿನ ಪ್ರತಿ ಹಳೆಯ ಬೈಕಿಗೂ ಇದು ಅನ್ವಯ. ಇದರ ಜೊತೆಗೆ 2021ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಮೂಲ ರೂಪ ಬಿಡದ ವಾಹನವನ್ನು ವಿಂಟೇಜ್ ಎಂದು ಪ್ರತ್ಯೇಕವಾಗಿ ನೋಂದಾಯಿಸಬಹುದು. ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಕ್ಕೆ ಅದನ್ನು ರಸ್ತೆಗಿಳಿಸಬಹುದು, ದಿನದ ಓಡಾಟಕ್ಕೆ ಇಲ್ಲ. ಮೈಸೂರಿನ ಮೊದಲ ಜಾವಾಗಳಿಗೆ ಆ ಅರ್ಹತೆ ಈಗಾಗಲೇ ಬಂದಿದೆ. ಮೊದಲ ಆರ್‌ಎಕ್ಸ್ 100ಕ್ಕೆ ಅದು ಬರುವುದು 2035ರಲ್ಲಿ. ಅಲ್ಲಿಯವರೆಗೆ ಸೈಲೆನ್ಸರ್ ಕತ್ತರಿಸದೆ, ಮೂಲ ಭಾಗಗಳನ್ನು ಕಳೆಯದೆ ಉಳಿಸಿಕೊಂಡ ಗಾಡಿಗಳಿಗೆ ಮಾತ್ರ ಆ ಬಾಗಿಲು ತೆರೆದಿರುತ್ತದೆ.