ಗ್ರೂಪಿನ ಜಗಳ ಗುಂಡಿಗೆಗೆ ಯಾಕೆ?



ಈ ಸಲ ಎಣ್ಣೆ, ಉಪ್ಪು, ವಾಕಿಂಗ್ ಬಗ್ಗೆ ಬರೆಯುತ್ತಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ನಡೆಯುವ ಜಗಳದ ಬಗ್ಗೆ ಬರೆಯುತ್ತಿದ್ದೇನೆ. ಹೃದಯದ ಡಾಕ್ಟರಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬಹುದು. ಓದಿ ನೋಡಿ, ಕಾರಣ ನಿಮಗೇ ತಿಳಿಯುತ್ತದೆ.

ಮುಂಬೈ, ಪುಣೆ, ಚೆನ್ನೈ, ಹೈದರಾಬಾದ್, ದೆಹಲಿ, ಎಲ್ಲೇ ಇರಲಿ, ಹೊರನಾಡ ಕನ್ನಡಿಗರ ಮೊಬೈಲಿನಲ್ಲಿ ಸಾಮಾನ್ಯವಾಗಿ ಮೂರು ಗ್ರೂಪು ಇರುತ್ತವೆ: ಮನೆಯವರದು, ಊರಿನವರದು, ಕನ್ನಡ ಸಂಘದ್ದು. ಬೆಳಿಗ್ಗೆ ಹೂವಿನ ಚಿತ್ರ, ಶುಭೋದಯದಿಂದ ಶುರುವಾದ ಗ್ರೂಪು ರಾತ್ರಿ ಊಟದ ಹೊತ್ತಿಗೆ ರಣರಂಗವಾಗಿರುತ್ತದೆ. ಚುನಾವಣೆ, ಸಂಘದ ಲೆಕ್ಕಪತ್ರ, ರಾಜ್ಯೋತ್ಸವದ ಊಟಕ್ಕೆ ಬಿಸಿಬೇಳೆಬಾತೋ ಜೋಳದ ರೊಟ್ಟಿಯೋ, "ನಿಮ್ಮ ಮಕ್ಕಳಿಗೆ ಕನ್ನಡವೇ ಬರಲ್ವಲ್ಲ" ಎಂಬ ಒಂದು ಮಾತು, ಕಾರಣ ಏನು ಬೇಕಾದರೂ ಆಗಬಹುದು.

*ಸಿಟ್ಟು ಬಂದಾಗ ಒಳಗೆ ಏನಾಗುತ್ತದೆ?*

ಎದುರಿಗೆ ಹುಲಿ ಬಂದರೂ, ಮೊಬೈಲಿನಲ್ಲಿ ಚುಚ್ಚುಮಾತು ಬಂದರೂ ದೇಹ ಮಾಡುವುದು ಒಂದೇ ಕೆಲಸ. ಅಡ್ರಿನಲಿನ್ ಏರುತ್ತದೆ, ಎದೆಬಡಿತ ಜೋರಾಗುತ್ತದೆ, ಬಿಪಿ ಹೆಚ್ಚುತ್ತದೆ, ರಕ್ತ ಹೆಪ್ಪುಗಟ್ಟುವ ಗುಣ ಹೆಚ್ಚುತ್ತದೆ. ರಕ್ತನಾಳದಲ್ಲಿ ಮೊದಲೇ ಕೊಬ್ಬು ಕಟ್ಟಿಕೊಂಡಿದ್ದರೆ ಆ ಪದರ ಬಿರಿಯಬಹುದು. ಬಿರಿದ ಜಾಗದಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದೇ ಹಾರ್ಟ್ ಅಟ್ಯಾಕ್.

2014ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಜೋರು ಸಿಟ್ಟಿನ ನಂತರದ 2 ಗಂಟೆಗಳಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು 5 ಪಟ್ಟು ಹೆಚ್ಚುವುದು ಕಂಡುಬಂತು. 2024ರಲ್ಲಿ ಅಮೆರಿಕದಲ್ಲಿ 280 ಆರೋಗ್ಯವಂತರ ಮೇಲೆ ಇನ್ನೊಂದು ಪರೀಕ್ಷೆ ನಡೆಯಿತು. ಅವರಲ್ಲಿ ಕೆಲವರಿಗೆ ಸಿಟ್ಟು ತರಿಸಿದ ಹಳೆಯ ಘಟನೆಯನ್ನು 8 ನಿಮಿಷ ನೆನೆಯಲು ಹೇಳಿದರು. ಬರೀ ನೆನೆದಿದ್ದಕ್ಕೇ ಅವರ ರಕ್ತನಾಳಗಳು ಸರಿಯಾಗಿ ಹಿಗ್ಗುವ ಶಕ್ತಿ 40 ನಿಮಿಷಗಳವರೆಗೆ ಕುಗ್ಗಿತ್ತು.

ಗಾಬರಿ ಬೇಡ. ಆರೋಗ್ಯವಂತರಿಗೆ ಅಪರೂಪಕ್ಕೊಮ್ಮೆ ಬರುವ ಸಿಟ್ಟಿನಿಂದ ಅಪಾಯ ತೀರಾ ಕಡಿಮೆ. ಆದರೆ ಗ್ರೂಪಿನ ಜಗಳ ಒಂದು ಸಲಕ್ಕೆ ಮುಗಿಯುವುದಿಲ್ಲ. ಮೊಬೈಲ್ "ಟಿಂಗ್" ಎಂದಾಗಲೆಲ್ಲ ಸಿಟ್ಟು ಹೊಸದಾಗಿ ಏರುತ್ತದೆ. ಬಿಪಿ, ಶುಗರ್ ಇರುವವರು, ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು.

*ಒಂದು ಮೀಟಿಂಗಿನ ಕಥೆ*

ಜಾನ್ ಹಂಟರ್ 18ನೇ ಶತಮಾನದ ಲಂಡನ್ನಿನ ಹೆಸರಾಂತ ಸರ್ಜನ್. ಸಿಡುಬಿಗೆ ಲಸಿಕೆ ಕಂಡುಹಿಡಿದ ಎಡ್ವರ್ಡ್ ಜೆನ್ನರ್ ಇವರ ಶಿಷ್ಯ. ಹಂಟರ್‌ಗೆ ಎದೆನೋವು ಇತ್ತು, ಮೂಗಿನ ತುದಿಯಲ್ಲೇ ಕೋಪವೂ ಇತ್ತು. ಯಾರು ಬೇಕಾದರೂ ತನ್ನನ್ನು ರೇಗಿಸಿ ಪ್ರಾಣ ತೆಗೆಯಬಹುದು ಎಂಬರ್ಥದ ಮಾತನ್ನು ಅವರೇ ಹೇಳುತ್ತಿದ್ದರಂತೆ. 1793ರ ಅಕ್ಟೋಬರ್ 16ರಂದು ಸೇಂಟ್ ಜಾರ್ಜ್ ಆಸ್ಪತ್ರೆಯ ಮೀಟಿಂಗಿನಲ್ಲಿ ಅವರ ಮಾತಿಗೆ ಯಾರೋ ಎದುರಾಡಿದರು. ಹಂಟರ್ ಸಿಟ್ಟು ನುಂಗಿಕೊಂಡು ಪಕ್ಕದ ಕೋಣೆಗೆ ಹೋದರು, ಅಲ್ಲೇ ಕುಸಿದು ತೀರಿಕೊಂಡರು. ಆಗ ಮೀಟಿಂಗ್ ಮುಗಿದರೆ ಜಗಳವೂ ಮುಗಿಯುತ್ತಿತ್ತು. ಈಗ ಮೀಟಿಂಗೇ ನಮ್ಮ ಜೇಬಿನಲ್ಲಿದೆ.

*ಹಾಗಾದರೆ ಗ್ರೂಪು ಬಿಟ್ಟುಬಿಡಬೇಕೆ?*

ಬೇಡ. ಒಂಟಿತನವೂ ಹೃದಯಕ್ಕೆ ಒಳ್ಳೆಯದಲ್ಲ. 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯಲ್ಲಿ, ಒಂಟಿತನ ಕಾಡುವವರಲ್ಲಿ ಮತ್ತು ಜನರ ಒಡನಾಟ ಕಡಿಮೆ ಇರುವವರಲ್ಲಿ ಹೃದಯರೋಗದ ಸಾಧ್ಯತೆ 29%, ಪಾರ್ಶ್ವವಾಯುವಿನ ಸಾಧ್ಯತೆ 32% ಹೆಚ್ಚು ಎಂದು ಕಂಡುಬಂದಿದೆ.

ಮಗನ ಮನೆಗೆಂದು ಹುಬ್ಬಳ್ಳಿಯಿಂದಲೋ ಶಿವಮೊಗ್ಗದಿಂದಲೋ ಬಂದು ಹನ್ನೆರಡನೇ ಮಹಡಿಯ ಫ್ಲಾಟಿನಲ್ಲಿ ಕುಳಿತ ಅಪ್ಪ ಅಮ್ಮಂದಿರನ್ನು ನೆನೆಯಿರಿ. ಮಗ ಸೊಸೆ ಆಫೀಸಿನಲ್ಲಿ, ಮೊಮ್ಮಕ್ಕಳು ಶಾಲೆಯಲ್ಲಿ, ಲಿಫ್ಟಿನಲ್ಲಿ ಸಿಕ್ಕವರ ಭಾಷೆ ಬೇರೆ. ಅವರಿಗೆ ಊರ ಜಗಲಿ ಎಂದರೆ ಈಗ ಗ್ರೂಪೇ. ಒಂದು ಒರಟು ಮಾತಿಗೆ ನೊಂದು ಅವರು ಗ್ರೂಪು ಬಿಟ್ಟರೆ ಇಡೀ ದಿನದ ಕನ್ನಡವೇ ನಿಂತುಹೋದ ಹಾಗೆ. ಆದ್ದರಿಂದ ಗ್ರೂಪೂ ಉಳಿಯಬೇಕು, ಹೃದಯವೂ ಉಳಿಯಬೇಕು. ಅದಕ್ಕೆ ನನ್ನ ಪ್ರಿಸ್ಕ್ರಿಪ್ಷನ್ ಇಲ್ಲಿದೆ.

*1. 40 ನಿಮಿಷ ತಡೆಯಿರಿ.* ಸಿಟ್ಟು ಬಂದರೆ ಮೊಬೈಲ್ ಮಗುಚಿ ಇಡಿ. ನೀರು ಕುಡಿಯಿರಿ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ, ಹೀಗೆ ಐದು ನಿಮಿಷ ಮಾಡಿ. ಕಳಿಸಿದ ಮೆಸೇಜನ್ನು 15 ನಿಮಿಷದೊಳಗೆ ತಿದ್ದಬಹುದು, ಎರಡು ದಿನದೊಳಗೆ ಅಳಿಸಲೂಬಹುದು. ಆದರೆ ಅಷ್ಟರಲ್ಲಿ ಯಾರೋ ಸ್ಕ್ರೀನ್‌ಶಾಟ್ ತೆಗೆದಿರುತ್ತಾರೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

*2. ತಪ್ಪನ್ನು ಒಬ್ಬರಿಗೇ ತಿಳಿಸಿ.* "ಒಬ್ಬರೇ ಇದ್ದಾಗ ಹಾರ್ಟ್ ಅಟ್ಯಾಕ್ ಆದರೆ ಜೋರಾಗಿ ಕೆಮ್ಮಿ, ಬದುಕುತ್ತೀರಿ" ಎಂಬ ಮೆಸೇಜ್ ನಿಮಗೂ ಬಂದಿರಬೇಕು. ಅದು ತಪ್ಪು. ಕೆಮ್ಮುತ್ತಾ ಕೂತರೆ ಅಮೂಲ್ಯ ಸಮಯ ಹಾಳಾಗುತ್ತದೆ. ಆದರೆ ಅದನ್ನು ಕಳಿಸಿದ ಹಿರಿಯರಿಗೆ "ಏನೇನೋ ಫಾರ್ವರ್ಡ್ ಮಾಡಬೇಡಿ ಅಂಕಲ್" ಎಂದು ನೂರು ಜನರೆದುರು ಹೇಳಿದರೆ ಅವರು ತಪ್ಪನ್ನು ಒಪ್ಪುವುದಿಲ್ಲ, ನಿಮ್ಮ ಮೇಲೆ ಮುನಿಯುತ್ತಾರೆ ಅಷ್ಟೆ. ಅವರಿಗೆ ಮಾತ್ರ ಬರೆಯಿರಿ: "ರಾಯರೇ, ನಮ್ಮ ಒಳ್ಳೆಯದಕ್ಕೇ ಕಳಿಸಿದ್ದೀರಿ. ಆದರೆ ಡಾಕ್ಟರು ಇದು ಸರಿಯಲ್ಲ ಅಂತಾರೆ. ನೀವೇ ಅಳಿಸಿ ಸರಿಯಾದದ್ದನ್ನು ಹಾಕಿದರೆ ಎಲ್ಲರೂ ಕೇಳ್ತಾರೆ." ಅವರ ಮರ್ಯಾದೆಯೂ ಉಳಿಯಿತು, ಗ್ರೂಪಿಗೆ ಸರಿಯಾದ ಮಾಹಿತಿಯೂ ಸಿಕ್ಕಿತು.

*3. ದನಿಯನ್ನು ಊಹಿಸಬೇಡಿ.* ಅಕ್ಷರಕ್ಕೆ ಮುಖವಿಲ್ಲ, ನಗುವಿಲ್ಲ. ಮಂಡ್ಯದವರ ಸಲುಗೆಯ ಏಕವಚನ ಮಂಗಳೂರಿನವರಿಗೆ ಒರಟಾಗಿ ಕಾಣಬಹುದು. ಒಬ್ಬರ ತಮಾಷೆ ಇನ್ನೊಬ್ಬರಿಗೆ ಅವಮಾನವಾಗಬಹುದು. ಅನುಮಾನ ಬಂದರೆ "ಹೀಗೆ ಹೇಳಿದಿರಾ?" ಎಂದು ಮೊದಲು ಕೇಳಿ. ಮೂರು ಮೆಸೇಜಿಗೂ ಮಾತು ಬಗೆಹರಿಯದಿದ್ದರೆ ಟೈಪ್ ಮಾಡುವುದನ್ನು ನಿಲ್ಲಿಸಿ ಫೋನ್ ಮಾಡಿ.

*4. ವಿಷಯ ಬಿಟ್ಟು ವ್ಯಕ್ತಿಯ ಮೇಲೆ ಹೋಗಬೇಡಿ.* "ಈ ಲೆಕ್ಕ ನನಗೆ ಅರ್ಥವಾಗಲಿಲ್ಲ, ವಿವರಿಸಿ" ಎಂದರೆ ಉತ್ತರ ಬರುತ್ತದೆ. "ನಿಮ್ಮ ಬುದ್ಧಿ ಗೊತ್ತಿಲ್ವಾ" ಎಂದರೆ ಜಗಳ ಬರುತ್ತದೆ. ಹತ್ತು ವರ್ಷದ ಹಿಂದಿನ ಕಥೆ ತೆಗೆಯಬೇಡಿ. ಜಾತಿ, ಊರು, ಮಕ್ಕಳ ವಿಚಾರವಂತೂ ಬೇಡವೇ ಬೇಡ.

*5. ರಾತ್ರಿ ಹತ್ತರ ನಂತರ ವಾದ ಬೇಡ.* ನಿದ್ದೆಯಲ್ಲಿ ಬಿಪಿ ಇಳಿದು ಹೃದಯಕ್ಕೆ ವಿಶ್ರಾಂತಿ ಸಿಗಬೇಕು. ನಿದ್ದೆ ಕೆಟ್ಟರೆ ಅದೂ ಇಲ್ಲ. ಗ್ರೂಪನ್ನು 8 ಗಂಟೆ ಅಥವಾ ಒಂದು ವಾರ ಮ್ಯೂಟ್ ಮಾಡಬಹುದು, ಬೇರೆಯವರಿಗೆ ಅದು ತಿಳಿಯುವುದಿಲ್ಲ.

*6. ಅಡ್ಮಿನ್‌ಗಳಿಗೆ ಒಂದು ಮಾತು.* ನಿಯಮಗಳನ್ನು ಜಗಳಕ್ಕೆ ಮೊದಲೇ ಬರೆದಿಡಿ. ಬೆಂಕಿ ಹತ್ತಿಕೊಂಡರೆ ಒಂದು ದಿನದ ಮಟ್ಟಿಗೆ "ಅಡ್ಮಿನ್ ಮಾತ್ರ ಬರೆಯಬಹುದು" ಎಂಬ ಸೆಟ್ಟಿಂಗ್ ಹಾಕಿ. ಕೆಟ್ಟ ಮಾತನ್ನು ನೀವೇ ಅಳಿಸಬಹುದು. ಆದರೆ ನಿಮ್ಮ ಗೆಳೆಯರಿಗೂ ಅದೇ ನಿಯಮ ಇರಲಿ.

*7. ಬಿಟ್ಟು ಹೋದವರಿಗೆ ಫೋನ್ ಮಾಡಿ.* 2022ರಿಂದ ಗ್ರೂಪು ಬಿಟ್ಟರೆ ಆ ಸೂಚನೆ ಅಡ್ಮಿನ್‌ಗೆ ಮಾತ್ರ ಬರುತ್ತದೆ. ಹಾಗಾಗಿ ಒಬ್ಬ ಹಿರಿಯರು ಎದ್ದುಹೋದದ್ದು ಉಳಿದವರಿಗೆ ತಿಂಗಳಾದರೂ ಗೊತ್ತಾಗದೆ ಇರಬಹುದು. ಅವತ್ತೇ ಯಾರಾದರೂ ಒಬ್ಬರು ಫೋನ್ ಮಾಡಲಿ. ಸರಿ ತಪ್ಪಿನ ಮಾತು ಬೇಡ, "ಊಟ ಆಯ್ತಾ?" ಎಂದು ಕೇಳಿದರೆ ಸಾಕು.

*ಮರೆಯಬೇಡಿ:* ಜಗಳದ ನಡುವೆಯೋ ನಂತರವೋ ಎದೆ ಹಿಂಡಿದಂತಾದರೆ, ನೋವು ಎಡಗೈಗೋ ದವಡೆಗೋ ಹರಿದರೆ, ತಣ್ಣನೆ ಬೆವರು, ಉಸಿರುಕಟ್ಟುವಿಕೆ ಕಂಡರೆ "ಗ್ಯಾಸ್" ಎಂದು ಮಲಗಬೇಡಿ. ಹೆಂಗಸರಲ್ಲಿ, ಶುಗರ್ ಇರುವವರಲ್ಲಿ ಬರೀ ಸುಸ್ತು, ವಾಕರಿಕೆಯಾಗಿಯೂ ಬರಬಹುದು. ನೀವೇ ಗಾಡಿ ಓಡಿಸಬೇಡಿ. 112ಕ್ಕೆ ಅಥವಾ ನಿಮ್ಮ ಊರಿನ ಆಂಬುಲೆನ್ಸಿಗೆ ಕರೆ ಮಾಡಿ, ಇಸಿಜಿ ಇರುವ ಆಸ್ಪತ್ರೆಗೆ ತಕ್ಷಣ ಹೋಗಿ.

ಉಪಯೋಗ ಅನ್ನಿಸಿದರೆ ನಿಮ್ಮವರಿಗೆ ಕಳಿಸಿ. ಆದರೆ ಈಗ ತಾನೇ ಜಗಳ ನಡೆದಿರುವ ಗ್ರೂಪಿಗೆ ಮಾತ್ರ ಇವತ್ತು ಬೇಡ. "ಇದು ನನಗೇ ಹೇಳಿದ್ದು" ಎಂದು ಯಾರಾದರೂ ಅಂದುಕೊಂಡಾರು. ನಾಳೆ ಕಳಿಸಿ.