ಸಂಸತ್ತು ಕೂತ ಚರ್ಚು

ಫ್ರಾಂಕ್‌ಫರ್ಟ್ ನಗರದ ಹಳೆಯ ಪುರಭವನ ರೋಮರ್‌ಗೆ ಹತ್ತಿರದಲ್ಲೇ ಸಂತ ಪಾಲ್ ಚರ್ಚು ಇದೆ. ಕೆಂಪು ಮರಳುಗಲ್ಲಿನ, ಮೊಟ್ಟೆಯಾಕಾರದ ಕಟ್ಟಡ. ಕೆಲಸ ಶುರುವಾದದ್ದು 1789ರಲ್ಲಿ, ಮುಗಿದದ್ದು 1833ರಲ್ಲಿ. ಸಾವಿರಾರು ಜನ ಹಿಡಿಸುತ್ತಿದ್ದ ಕಾರಣ 1848ರಲ್ಲಿ ಜರ್ಮನ್ನರ ಮೊದಲ ಚುನಾಯಿತ ರಾಷ್ಟ್ರೀಯ ಸಂಸತ್ತು ಇಲ್ಲಿಯೇ ಕೂತಿತು.

ಆಗ ಜರ್ಮನಿ ಎಂಬ ಒಂದು ದೇಶವೇ ಇರಲಿಲ್ಲ. ಇದ್ದದ್ದು ರಾಜರು, ಡ್ಯೂಕರು ಆಳುತ್ತಿದ್ದ ಹತ್ತಾರು ರಾಜ್ಯಗಳ ಸಡಿಲ ಒಕ್ಕೂಟ. ಮಾರ್ಚ್ ತಿಂಗಳ ದಂಗೆಗಳಿಗೆ ಬೆದರಿದ ಅರಸರು ಚುನಾವಣೆಗೆ ಒಪ್ಪಿದರು. ಮೇ 18ರಂದು ಪ್ರತಿನಿಧಿಗಳು ರೋಮರ್‌ನಿಂದ ಮೆರವಣಿಗೆಯಲ್ಲಿ ಬಂದು ಚರ್ಚಿನೊಳಗೆ ಕೂತರು. ಹೈನ್‌ರಿಷ್ ಫಾನ್ ಗಾಗರ್ನ್ ಸಭಾಧ್ಯಕ್ಷ. ಸದಸ್ಯರಲ್ಲಿ ಕವಿ ಊಲಾಂಡ್, ಕಥೆಗಳ ಸಂಗ್ರಹಕಾರ ಯಾಕೋಬ್ ಗ್ರಿಮ್ ಕೂಡ ಇದ್ದರು. ಹೆಂಗಸರಿಗೆ ಮತವಿರಲಿಲ್ಲ, ಗ್ಯಾಲರಿಯಲ್ಲಿ ಕೂತು ಕೇಳಬಹುದಿತ್ತು, ಅಷ್ಟೆ.

ಮಾತಿನಲ್ಲೇ ಕಾಲ ಕಳೆದವರು ಎಂದು ಈ ಸಭೆಯನ್ನು ಹಳಿಯುವವರಿದ್ದಾರೆ. ನನಗದು ಅನ್ಯಾಯವೆನಿಸುತ್ತದೆ. ಡಿಸೆಂಬರ್ ಹೊತ್ತಿಗೆ ಅವರು ಮೂಲಭೂತ ಹಕ್ಕುಗಳ ಕಾನೂನನ್ನೇ ಹೊರಡಿಸಿದ್ದರು: ಕಾನೂನಿನ ಮುಂದೆ ಸಮಾನತೆ, ಪತ್ರಿಕಾ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ. ಅವರ ಬಳಿ ಇಲ್ಲದೇ ಹೋದದ್ದು ಸೈನ್ಯ. ಡೆನ್ಮಾರ್ಕ್ ಜೊತೆ ಆಗ ನಡೆಯುತ್ತಿದ್ದ ಯುದ್ಧದಲ್ಲಿ, ಒಕ್ಕೂಟದ ರಾಜ್ಯವಾದ ಪ್ರಷ್ಯ ತಾನಾಗಿಯೇ ಕದನವಿರಾಮ ಮಾಡಿಕೊಂಡಿತು. ಸೆಪ್ಟೆಂಬರಿನಲ್ಲಿ ಸಂಸತ್ತು ಅದಕ್ಕೆ ತಲೆಬಾಗಿದಾಗ ಫ್ರಾಂಕ್‌ಫರ್ಟ್‌ನ ಜನ ರೊಚ್ಚಿಗೆದ್ದರು. ಇಬ್ಬರು ಸದಸ್ಯರ ಕೊಲೆಯಾಯಿತು. ಸಭೆಯ ರಕ್ಷಣೆಗೆ ಬಂದದ್ದು ಪ್ರಷ್ಯ, ಆಸ್ಟ್ರಿಯಗಳ ಪಡೆಗಳೇ. ಯಾರ ಅಧಿಕಾರಕ್ಕೆ ಮಿತಿ ಹಾಕಬೇಕಿತ್ತೋ ಅವರ ಬಂದೂಕಿನ ನೆರಳಿಗೇ ಹೋಗಬೇಕಾಯಿತು. ಸೋಲು ಶುರುವಾದದ್ದು ಅಲ್ಲಿಂದಲೇ ಎಂದು ನಾನು ನಂಬುತ್ತೇನೆ. ನವೆಂಬರಿನಲ್ಲಿ ಸದಸ್ಯ ರಾಬರ್ಟ್ ಬ್ಲೂಮ್‌ನನ್ನು ವಿಯೆನ್ನಾದಲ್ಲಿ ಗುಂಡಿಟ್ಟು ಕೊಂದರು. ಸಂಸತ್ ಸದಸ್ಯನಿಗಿದ್ದ ರಕ್ಷಣೆ ಅವನನ್ನು ಉಳಿಸಲಿಲ್ಲ.

1849ರ ಮಾರ್ಚ್‌ನಲ್ಲಿ ಸಂವಿಧಾನ ಸಿದ್ಧವಾಯಿತು. 290 ಮತಗಳಿಂದ ಪ್ರಷ್ಯದ ದೊರೆ ನಾಲ್ಕನೇ ಫ್ರೆಡರಿಕ್ ವಿಲಿಯಂನನ್ನು ಚಕ್ರವರ್ತಿಯಾಗಿ ಆರಿಸಿದರು. 248 ಮಂದಿ ಮತವನ್ನೇ ಹಾಕಲಿಲ್ಲ. ದೈವದತ್ತ ರಾಜ್ಯವೆಂದು ನಂಬಿದ್ದ ದೊರೆಗೆ ಪ್ರಜೆಗಳು ಕೊಟ್ಟ ಕಿರೀಟ ಬೇಡವಾಯಿತು. ಉಳಿದ ಸದಸ್ಯರು ಸ್ಟುಟ್‌ಗಾರ್ಟಿಗೆ ಹೋದರು. ಜೂನ್ 18ರಂದು ವ್ಯುರ್ಟೆಂಬರ್ಗ್‌ನ ಸೈನಿಕರು ಅವರನ್ನೂ ಚದುರಿಸಿದರು. ಆದರೆ ಆ ಹಕ್ಕುಗಳ ಪಟ್ಟಿ ಅಳಿಯಲಿಲ್ಲ. 1919ರ ವೈಮರ್ ಸಂವಿಧಾನವೂ ಈಗಿನ ಜರ್ಮನಿಯ ಸಂವಿಧಾನವಾದ 1949ರ ಮೂಲ ಕಾನೂನೂ ಅದರಿಂದ ಧಾರಾಳವಾಗಿ ಪಡೆದುಕೊಂಡವು.

1944ರ ಮಾರ್ಚ್‌ನ ಬಾಂಬ್ ದಾಳಿಯಲ್ಲಿ ಚರ್ಚು ಸುಟ್ಟು ಗೋಡೆಗಳಷ್ಟೇ ಉಳಿದವು. ಜರ್ಮನಿಯ ಮೂಲೆಮೂಲೆಯಿಂದ ಬಂದ ದೇಣಿಗೆಯಿಂದ ಶತಮಾನೋತ್ಸವದ ಹೊತ್ತಿಗೆ, 1948ರ ಮೇ 18ಕ್ಕೆ, ಮತ್ತೆ ಬಾಗಿಲು ತೆರೆಯಿತು. ವಾಸ್ತುಶಿಲ್ಪಿ ರುಡಾಲ್ಫ್ ಶ್ವಾರ್ಟ್ಸ್ ಮತ್ತು ಸಂಗಡಿಗರು ಒಳಗೆ ಹಳೆಯ ವೈಭವ ಬೇಡವೆಂದು ಬರಿಯ ಬಿಳಿ ಗೋಡೆಗಳನ್ನು ಬಿಟ್ಟರು. 1848ರ ರೂಪವನ್ನೇ ಮರಳಿ ತರಬೇಕೆಂಬ ವಾದ ಈಚೆಗೆ ಎದ್ದಿದೆ. ಈಗಿರುವಂತೆ ಬಿಡುವುದೇ ಒಳ್ಳೆಯದು. ಊರಿಗೆ ಊರೇ ಮುರಿದು ಬಿದ್ದಿದ್ದಾಗ ಜನ ಮೊದಲು ಎತ್ತಿ ನಿಲ್ಲಿಸಿದ ಕಟ್ಟಡಗಳಲ್ಲಿ ಇದೂ ಒಂದು. ಆ ಗೋಡೆಗಳೂ ಈಗ ಚರಿತ್ರೆಯೇ.