ತಪ್ಪು ತಿದ್ದಿದವರ ಲೆಕ್ಕಕ್ಕೆ ಸೊನ್ನೆ ಬೀಳುವುದೇಕೆ?

ಚಿಕ್ಕಮಗಳೂರು ತಾಲ್ಲೂಕಿನ ಮಲ್ಲಂದೂರಿನ ಬಗ್ಗೆ ಕನ್ನಡ ವಿಕಿಪೀಡಿಯದಲ್ಲಿ ಯಾರೋ ಒಂದು ಲೇಖನ ಬರೆದಿದ್ದಾರೆ ಎಂದುಕೊಳ್ಳಿ. ಒತ್ತಕ್ಷರ ಬಿಟ್ಟುಹೋಗಿ ಊರಿನ ಹೆಸರು ‘ಮಲಂದೂರು’ ಎಂದಾಗಿದೆ. ಅದೇ ತಾಲ್ಲೂಕಿನ ಮುಳ್ಳಯ್ಯನಗಿರಿಯ ಎತ್ತರ 1,930 ಮೀಟರ್ ಎಂದಿರಬೇಕಾದದ್ದು ಅಂಕಿ ಅದಲುಬದಲಾಗಿ 1,390 ಆಗಿದೆ. ಊರಿನವರೊಬ್ಬರು ಇದನ್ನು ನೋಡಿ ಎರಡೂ ತಪ್ಪನ್ನು ತಿದ್ದುತ್ತಾರೆ. ಈ ಕೆಲಸದ ಶ್ರೇಯ ಯಾರಿಗೆ?

‘ಯಾರಿಗೂ ಇಲ್ಲ, ಅಲ್ಲಿ ಬರೆದವರ ಹೆಸರೇ ಇರುವುದಿಲ್ಲವಲ್ಲ’ ಎಂದು ಹೇಳುವವರು ಬಹಳ. ಇದು ಅರ್ಧ ಮಾತ್ರ ಸರಿ. ಲೇಖನದ ತಲೆಯ ಮೇಲೆ ಹೆಸರು ಇರುವುದಿಲ್ಲ ನಿಜ. ಆದರೆ ಪ್ರತಿ ಪುಟಕ್ಕೂ ಒಂದು ‘ಇತಿಹಾಸ’ ಇರುತ್ತದೆ. ಯಾರು, ಯಾವ ದಿನ, ಎಷ್ಟು ಗಂಟೆಗೆ, ಯಾವ ಅಕ್ಷರ ತೆಗೆದು ಯಾವುದನ್ನು ಸೇರಿಸಿದರು ಎಂಬುದೆಲ್ಲ ಅಲ್ಲಿ ದಾಖಲಾಗಿರುತ್ತದೆ. ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಅಚ್ಚಿನ ಪುಸ್ತಕದಲ್ಲಿ ಕರಡು ತಿದ್ದಿದವರ ಹೆಸರು ಮುನ್ನುಡಿಯ ಕೊನೆಯ ಸಾಲಿನಲ್ಲಿ ಸಿಕ್ಕರೆ ಪುಣ್ಯ. ಇಲ್ಲಿ ಒಂದು ಕೊಂಬು ತಿದ್ದಿದವರಿಗೂ ಒಂದು ಇಡೀ ಸಾಲು ಇದೆ.

ಹೆಸರಿನ ವಿಷಯ ಸರಿಯಾಯಿತು. ತೊಡಕು ಇರುವುದು ಆ ಸಾಲಿನಲ್ಲೇ ಕಾಣುವ ಒಂದು ಸಂಖ್ಯೆಯಲ್ಲಿ. ಪುಟ ಎಷ್ಟು ಬೈಟ್ ಹಿಗ್ಗಿತು ಅಥವಾ ಕುಗ್ಗಿತು ಎಂಬುದನ್ನು ಅದು ಹೇಳುತ್ತದೆ. ಹಿಗ್ಗಿದರೆ ಹಸಿರು, ಕುಗ್ಗಿದರೆ ಕೆಂಪು. ಕಂಪ್ಯೂಟರು ಅಕ್ಷರಗಳನ್ನು ಜೋಡಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೇಕು, ಮತ್ತು ಕೊಂಬು, ಸೊನ್ನೆ, ಒತ್ತನ್ನು ಸೂಚಿಸುವ ಗುರುತು ಎಲ್ಲವೂ ಬೇರೆ ಬೇರೆ ಚಿಹ್ನೆಗಳು. ‘ಮಲ್ಲಂದೂರು’ ಎಂಬ ಹೆಸರಿನಲ್ಲಿ ಹೀಗೆ ಒಂಬತ್ತು ಚಿಹ್ನೆಗಳಿವೆ, ಅಂದರೆ 27 ಬೈಟ್.

ಈಗ ನಮ್ಮ ಊರಿನವರ ಲೆಕ್ಕ ನೋಡಿ. ಒತ್ತಕ್ಷರ ಸೇರಿಸಿದ್ದಕ್ಕೆ +6. ಬೆಟ್ಟದ ಎತ್ತರ ಸರಿ ಮಾಡಿದ್ದಕ್ಕೆ 0. ಅಂಕಿಗಳು ಜಾಗ ಬದಲಿಸಿದವೇ ಹೊರತು ಹೆಚ್ಚೂ ಆಗಲಿಲ್ಲ, ಕಡಿಮೆಯೂ ಆಗಲಿಲ್ಲ. 540 ಮೀಟರ್ ಕುಸಿದಿದ್ದ ಬೆಟ್ಟವನ್ನು ಮತ್ತೆ ಎತ್ತಿ ನಿಲ್ಲಿಸಿದ ತಿದ್ದುಪಡಿಗೆ ಸೊನ್ನೆ! ಮರುದಿನ ಇನ್ನೊಬ್ಬರು ಬಂದು 1,930 ಎಂಬುದನ್ನು ಕನ್ನಡ ಅಂಕಿಯಲ್ಲಿ ೧,೯೩೦ ಎಂದು ಬದಲಾಯಿಸಿದರೆ ಅವರಿಗೆ +8. ಓದುಗರಿಗೆ ಹೊಸದಾಗಿ ಏನೂ ತಿಳಿಯಲಿಲ್ಲ, ಲೆಕ್ಕದಲ್ಲಿ ಮಾತ್ರ ಎರಡನೆಯವರೇ ಮುಂದೆ.

ಇನ್ನೊಂದು ಲೆಕ್ಕವೂ ಇದೆ, ಒಟ್ಟು ಸಂಪಾದನೆಗಳ ಸಂಖ್ಯೆ. ಇದು ಎಣಿಸುವುದು ‘ಪ್ರಕಟಿಸಿ’ ಗುಂಡಿ ಒತ್ತಿದ್ದನ್ನು. ಹತ್ತು ಅಲ್ಪವಿರಾಮಗಳನ್ನು ಹತ್ತು ಸಲ ಉಳಿಸಿದವರಿಗೆ ಹತ್ತು, ರಾತ್ರಿಯೆಲ್ಲ ಕೂತು ಇಡೀ ಲೇಖನ ನೇರ್ಪಡಿಸಿ ಒಮ್ಮೆ ಉಳಿಸಿದವರಿಗೆ ಒಂದು.

ಇದು ಬರೀ ಲೆಕ್ಕದ ತಮಾಷೆಯಲ್ಲ. 2010ರ ಹೊತ್ತಿಗೆ ಗೂಗಲ್ ತನ್ನ ಅನುವಾದ ಉಪಕರಣ ಬಳಸಿ ಕನ್ನಡ, ತಮಿಳು, ತೆಲುಗು, ಹಿಂದಿ ಸೇರಿ ಏಳು ಭಾಷೆಗಳ ವಿಕಿಪೀಡಿಯಗಳಿಗೆ 1.6 ಕೋಟಿಗೂ ಹೆಚ್ಚು ಪದಗಳನ್ನು ಸೇರಿಸಿರುವುದಾಗಿ ಹೇಳಿಕೊಂಡಿತು. ಕನ್ನಡಕ್ಕೆ ಬಂದವುಗಳಲ್ಲಿ ಉದ್ದುದ್ದ ಲೇಖನಗಳು ಬಹಳ, ಜೊತೆಗೆ ಇಂಗ್ಲಿಷಿನ ಅಸ್ಥಿಪಂಜರಕ್ಕೆ ಕನ್ನಡ ಪದ ಹೊದಿಸಿದಂಥ ವಾಕ್ಯಗಳೂ ಬಹಳ. ಅಂಥದ್ದನ್ನು ಓದುವಂತೆ ಮಾಡಲು ಇರುವ ದಾರಿ ಒಂದೇ: ಕತ್ತರಿಸುವುದು, ಮುರಿದು ಕಟ್ಟುವುದು. ಕತ್ತರಿಸಿದವರ ಹೆಸರಿನ ಮುಂದೆ ಬೀಳುವುದು ಕೆಂಪು ಸಂಖ್ಯೆ. ಸುರಿದದ್ದಕ್ಕೆ ಹಸಿರು, ಸೋಸಿದ್ದಕ್ಕೆ ಕೆಂಪು!

ಸಂಖ್ಯೆಯನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯ ವಿಕಿಪೀಡಿಯ ಸಾಕ್ಷಿ. ಆ ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ ಕೂತು 20 ಸಾವಿರಕ್ಕೂ ಹೆಚ್ಚು ಲೇಖನ ಸೃಷ್ಟಿಸಿದ್ದ. ಇದು ಬೆಳಕಿಗೆ ಬಂದದ್ದು 2020ರಲ್ಲಿ. ಅಷ್ಟರಲ್ಲಿ ಅವನು ಅಲ್ಲಿ ನಿರ್ವಾಹಕನೂ ಆಗಿದ್ದ. ಅವನಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಓದಿ ತಿದ್ದುವವರ ಕೈ ಸಾಲದ ಸಣ್ಣ ಭಾಷೆಗಳಲ್ಲಿ ಹೀಗಾಗುವುದು ಸುಲಭ.

ಹಾಗಾದರೆ ತಿದ್ದುಪಡಿಗೆ ಅಂಕ ಕೊಟ್ಟರೆ ಸರಿಹೋಗುತ್ತದೆಯೇ? ಕೊಟ್ಟು ನೋಡಿದವರಿದ್ದಾರೆ. ಪ್ರೋಗ್ರಾಮಿಂಗ್ ಪ್ರಶ್ನೋತ್ತರದ ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬೇರೆಯವರ ಉತ್ತರಕ್ಕೆ ನೀವು ಸೂಚಿಸಿದ ತಿದ್ದುಪಡಿ ಒಪ್ಪಿಗೆಯಾದರೆ 2 ಅಂಕ. ಹೀಗೆ ಗಳಿಸಬಹುದಾದ ಮಿತಿ 1,000. ನಿಮ್ಮ ಅಂಕ 2,000 ದಾಟಿದ ಮೇಲೆ ತಿದ್ದಲು ಯಾರ ಒಪ್ಪಿಗೆಯೂ ಬೇಡ, ಅಂಕವೂ ಇಲ್ಲ. ಉತ್ತರಕ್ಕೆ ಬೀಳುವ ಮೆಚ್ಚುಗೆಯ ಮತಗಳೆಲ್ಲ ಮೂಲ ಬರಹಗಾರರಿಗೇ. ನಮಗೆ ಇದು ಜಾಣ ಏರ್ಪಾಡು ಎನಿಸುತ್ತದೆ. ಹೊಸಬರಿಗೆ ಆಸೆ ಹುಟ್ಟಿಸುವಷ್ಟು ಕೊಟ್ಟು, ಅಂಕಕ್ಕಾಗಿಯೇ ಕೆದಕುವ ಚಟ ಹತ್ತುವ ಮೊದಲು ನಲ್ಲಿ ತಿರುಗಿಸಿಬಿಡುತ್ತಾರೆ.

ಗೂಗಲ್ ನಕ್ಷೆಯ ‘ಲೋಕಲ್ ಗೈಡ್ಸ್’ ಪಟ್ಟಿಯಲ್ಲಿ ಹೊಸ ಸ್ಥಳ ಸೇರಿಸಿದರೆ 15 ಅಂಕ, ವಿಮರ್ಶೆಗೆ 10, ಇರುವ ಮಾಹಿತಿ ತಿದ್ದಿದರೆ 5. ಕಾಫಿ ಸೀಮೆಯವರಿಗೆ ಈ 5ರ ಬೆಲೆ ಗೊತ್ತು. ನಕ್ಷೆಯಲ್ಲಿ ದಾರಿ ಎಂದು ತೋರುವ ಗೆರೆ ಯಾವುದೋ ತೋಟದ ಬೀಗ ಹಾಕಿದ ಗೇಟಿಗೆ ಹೋಗಿ ಮುಗಿಯಬಹುದು. ಮಳೆಗಾಲದ ರಾತ್ರಿ ಆ ಗೆರೆ ನಂಬಿ ಬರುವುದು ಪ್ರವಾಸಿಗರ ಜೀಪಾದರೆ ಬೈದುಕೊಂಡು ತಿರುಗಿಸುತ್ತಾರೆ, ಆಂಬುಲೆನ್ಸಾದರೆ? ಆ ಗೆರೆಯನ್ನು ಸರಿ ಮಾಡಿದವರ ಹೆಸರು ಚಾಲಕರಿಗೆ ಕಾಣುವುದೂ ಇಲ್ಲ.

ವಿಕಿಪೀಡಿಯದಲ್ಲಿ ಇಂಥ ಕೆಲಸಕ್ಕೆ ಇರುವ ಬಹುಮಾನವೆಂದರೆ 2013ರಲ್ಲಿ ಬಂದ ಧನ್ಯವಾದದ ಗುಂಡಿ. ಇತಿಹಾಸದ ಸಾಲಿನ ಪಕ್ಕ ಅದನ್ನು ಒತ್ತಿದರೆ ತಿದ್ದಿದವರಿಗೆ ಸೂಚನೆ ಹೋಗುತ್ತದೆ. ಅಂಕವಿಲ್ಲ, ಬೈಟ್ ಇಲ್ಲ. ಆದರೆ ಒಬ್ಬ ಮನುಷ್ಯ ಓದಿ ನೋಡಿದ್ದಾನೆ ಎಂಬ ಖಾತರಿ ಇದೆ. ತಿದ್ದುವಾಗ ‘ಎತ್ತರದ ಅಂಕಿ ಸರಿಪಡಿಸಿದೆ’ ಎಂದು ಸಾರಾಂಶದ ಜಾಗದಲ್ಲಿ ಬರೆದರೆ ಆ ಸೊನ್ನೆಯ ಹಿಂದೆ ಏನಿದೆ ಎಂಬುದು ಮುಂದೆ ನೋಡುವವರಿಗೂ ತಿಳಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಬಾಕಿ ಇದೆ: ‘ವಿಕಿಪೀಡಿಯ ಉಚಿತ, ಯಾರ ಹೆಸರೂ ಹಾಕಬೇಕಿಲ್ಲ.’ ಶಾಲೆಯ ಸ್ಮರಣ ಸಂಚಿಕೆಗಳಲ್ಲಿ, ಜಾತ್ರೆಯ ಕರಪತ್ರಗಳಲ್ಲಿ ‘ಕೃಪೆ: ಅಂತರಜಾಲ’ ಎಂದು ಹಾಕಿ ಕೈತೊಳೆದುಕೊಳ್ಳುವುದನ್ನು ನೋಡಿರುತ್ತೀರಿ. ಅಲ್ಲಿನ ಬರಹ ಇರುವುದು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ. ಯಾರು ಬೇಕಾದರೂ ಬಳಸಬಹುದು, ಮಾರಬಹುದು ಕೂಡ, ಆದರೆ ಬರೆದವರಿಗೆ ಶ್ರೇಯ ಕೊಡಬೇಕು, ತಿದ್ದಿ ಪ್ರಕಟಿಸಿದರೆ ಅದನ್ನೂ ಇದೇ ಪರವಾನಗಿಯಲ್ಲಿ ಹಂಚಬೇಕು. ನೂರಾರು ಜನರ ಹೆಸರು ಅಚ್ಚು ಹಾಕಬೇಕಿಲ್ಲ. ಲೇಖನದ ಹೆಸರು, ಅದರ ಪೂರ್ಣ ವಿಳಾಸ ಮತ್ತು ಪರವಾನಗಿಯ ಹೆಸರು ಇದ್ದರೆ ಸಾಕು. ಇಂಗ್ಲಿಷ್ ಲೇಖನವನ್ನು ಕನ್ನಡಕ್ಕೆ ತಂದು ಅಲ್ಲಿ ಸೇರಿಸುವಾಗಲೂ ಮೂಲ ಯಾವುದೆಂದು ಸಾರಾಂಶದಲ್ಲಿ ಹೇಳಬೇಕು. ಆ ವಿಳಾಸ ಹಿಡಿದು ಹೋದವರಿಗೆ ಇತಿಹಾಸದ ಪುಟ ಸಿಗುತ್ತದೆ, ಅಲ್ಲಿ +6 ಮತ್ತು 0 ಎಂಬ ಎರಡು ಸಾಲುಗಳೂ, ತಿದ್ದಿದವರ ಹೆಸರೂ ಇರುತ್ತವೆ.